ದಡದಲ್ಲಿ ನಿಂತವಳು

ಅಕ್ಟೋಬರ್ 30, ಗುರುವಾರ

ಹೊಗೆ ಇಳಿದಿದೆ. ಬೆಳಿಗ್ಗೆ ಬಾಲ್ಕನಿಗೆ ಬಂದರೆ ಎದುರಿನ ಸೊಸೈಟಿಯ ನೀರಿನ ಟ್ಯಾಂಕೇ ಕಾಣಲಿಲ್ಲ. ನನ್ನ ಕೆಮ್ಮಿಗೆ ಡಾಕ್ಟರು ಸಿರಪ್ಪು ಬರೆದುಕೊಟ್ಟು, ಆಗುವುದಾದರೆ ಒಂದು ವಾರ ದೆಹಲಿಯಿಂದ ಹೊರಗಿರಿ ಎಂದರು. ಹೋಟೆಲು ಬಿಟ್ಟು ಎಲ್ಲಿಗೆ ಹೋಗುವುದು? ನಾನು ಸುಮ್ಮನೆ ಬಂದೆ. ನಮ್ಮ ಯಜಮಾನರು, ಇವರು, ಸುಮ್ಮನಿರುವ ಜನವಲ್ಲ.

ಮಧ್ಯಾಹ್ನ ಇಂದುಶೇಖರ ಸಾರ್ ನೀರುದೋಸೆಗೆ ಬಂದಿದ್ದರು. ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಮಯೂರ್ ವಿಹಾರದಲ್ಲೇ ಉಳಿದ ಮೈಸೂರಿನವರು. ಹೋಟೆಲು ತೆರೆದ ವರ್ಷದಿಂದ ಬರುತ್ತಿದ್ದಾರೆ. ಇವರು ಗಲ್ಲಾ ಬಿಟ್ಟು ಎದ್ದು ಅವರ ಮೇಜಿಗೇ ಹೋದರು.

"ಸಾರ್, ನಾವು ಅಂಡಮಾನ್‌ಗೆ ಹೊರಟೆವು. ಮಗಳು ಪ್ರಣೀತಾ ಟಿಕೆಟ್ ಮಾಡಿಸಿ ಆಯಿತು. ಸಮುದ್ರದೊಳಗೆ ಮುಖ ಹಾಕಿ ಮೀನು ನೋಡುವುದಂತೆ."

"ನೀವಾ ಚನಿಯ? ನೀರಿಗೆ?"

"ನಾನು ಕಾರ್ಕಳದ ಬಂಡೆ ಮೇಲೆ ಹುಟ್ಟಿದವ ಸಾರ್, ಮೊಣಕಾಲಿಗೆ ನೀರು ಬಂದರೆ ಎದೆ ಹೊಡೆದುಕೊಳ್ಳುತ್ತದೆ. ನಾನು ದಂಡೆಯಲ್ಲಿ ಕೂತು ಎಳನೀರು ಕುಡಿಯುತ್ತೇನೆ. ಆದರೆ ನಮ್ಮ ಲೋಲಾಕ್ಷಿ! ಗೊತ್ತುಂಟಲ್ಲ ನಿಮಗೆ?"

"ಗೊತ್ತಪ್ಪ. ನೂರು ಸಲ ಹೇಳಿದ್ದೀರಿ."

"ನೂರ ಒಂದನೆಯದ್ದು ಕೇಳಿ."

ಅಡುಗೆಮನೆಯ ಕಿಟಕಿಯಿಂದ ನಾನೂ ಕೇಳಿದೆ. ನದಿಗೆ ನೆರೆ ಬಂದಿತ್ತು. ದೋಣಿ ಕಟ್ಟುವ ಕಡವಿನ ಮೆಟ್ಟಿಲಿನಿಂದ ನಾಲ್ಕು ವರ್ಷದ ಮಗು ಜಾರಿ ಬಿತ್ತು. ಗಂಡಸರೆಲ್ಲ ನೋಡುತ್ತ ನಿಂತರು. ಒಬ್ಬ ಹುಡುಗಿ ನೀರಿಗೆ ಹಾರಿ ಮಗುವನ್ನು ಎಳೆದು ತಂದಳು. ಆ ಹುಡುಗಿ ಈಗ ನಿಮಗೆ ನೀರುದೋಸೆ ಹೊಯ್ಯುತ್ತಿದ್ದಾಳೆ, ಸಾರ್!

ಆ ಹುಡುಗಿ ನಾನಲ್ಲ. ನನಗೆ ಈಜು ಬರುವುದಿಲ್ಲ. ಹಾರಿದವಳು ನನ್ನ ಅಕ್ಕ ಧಾರಿಣಿ.

ಅಕ್ಕ ಹೋಗಿ ಇವತ್ತಿಗೆ ಎಂಬತ್ತು ದಿನ.

ಹೊರಡಲು ಇನ್ನೂ ಇಪ್ಪತ್ತಮೂರು ದಿನ ಇದೆ. ಇಪ್ಪತ್ತು ಕಿಲೋ ಮೀನನ್ನು ಒಬ್ಬಳೇ ಹೆಚ್ಚಿ ಕೊಡುವವಳು ನಾನು. ಇದನ್ನೂ ನಿಭಾಯಿಸುತ್ತೇನೆ.

ನವೆಂಬರ್ 2, ಭಾನುವಾರ

ನಾನು ಸುಳ್ಳು ಹೇಳಿದವಳಲ್ಲ. ಇದನ್ನು ಸರಿಯಾಗಿ ಬರೆದಿಡಬೇಕು.

ಇವರು ನನ್ನನ್ನು ನೋಡಲು ಬಂದ ದಿನ ನನಗೆ ಇಪ್ಪತ್ತೆರಡು. ಅಕ್ಕನಿಗೆ ಆಗಲೇ ಮದುವೆಯಾಗಿತ್ತು; ಒಳಗೆ ಅವಲಕ್ಕಿ ಕಲಸುತ್ತಿದ್ದಳು. ಸಂಬಂಧ ತಂದ ಮಾವ ಚಾವಡಿಯಲ್ಲಿ ಕೂತು, ಮಗುವನ್ನು ನೆರೆಯಿಂದ ಎತ್ತಿದ ಹುಡುಗಿಯ ಮನೆ ಇದು ಎಂದರು. ಇವರು ನನ್ನ ಕಡೆ ತಿರುಗಿ "ಅದು ನೀವೇನಾ?" ಎಂದು ಕೇಳಿದರು. ನೋಡಲು ಬಂದ ಗಂಡಿನ ಎದುರು ಹುಡುಗಿ ಬಾಯಿ ತೆರೆಯುವ ಕಾಲವಲ್ಲ ಅದು. ತಲೆ ತಗ್ಗಿಸಿದೆ. ಏನು ಕೇಳಿದ್ದರೂ ತಲೆಯನ್ನೇ ತಗ್ಗಿಸುತ್ತಿದ್ದೆ. ಅದನ್ನು ಇವರು ಹೌದು ಎಂದುಕೊಂಡರು. ಅಷ್ಟೇ ನಡೆದದ್ದು.

ಮದುವೆಯ ರಾತ್ರಿ ಹೇಳಬಹುದಿತ್ತು. ಆದರೆ ಇವರು ನನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತ, "ಇದೇ ಕೈಯಾ?" ಎಂದರು. ನನ್ನ ಕೈಯನ್ನು ಹಾಗೆ ಯಾರೂ ನೋಡಿರಲಿಲ್ಲ.

ಅಕ್ಕನಿಗೆ ಗೊತ್ತಿತ್ತು. ಒಂದೇ ಸಲ ದೆಹಲಿಗೆ ಬಂದಿದ್ದಳು. ಅವಳ ಎದುರಿಗೇ ಇವರು ಯಾರೋ ಗಿರಾಕಿಗೆ ಕಥೆ ಹೇಳಿದರು. ಅಕ್ಕ ಬಂಗುಡೆಯ ಮುಳ್ಳು ಬಿಡಿಸುತ್ತ, "ಹೌದಾ ಭಾವ? ಭಾರಿ ಧೈರ್ಯದವಳು ನಮ್ಮ ಲೋಲಾ" ಎಂದಳು. ಆಮೇಲೆ ಅಡುಗೆಮನೆಗೆ ಬಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. "ಇರಲಿ ಬಿಡು. ನನಗೆ ಅದರಿಂದ ಆಗುವುದೇನುಂಟು? ನಿನಗೆ ಉಪಯೋಗಕ್ಕೆ ಬಂತಲ್ಲ" ಎಂದಳು.

ಇವತ್ತು ಬಚ್ಚಲಲ್ಲಿ ಬಕೆಟ್ ತುಂಬಿಸಿ, ಉಸಿರು ಕಟ್ಟಿ ಮುಖ ಮುಳುಗಿಸಿ ಎಣಿಸಿದೆ. ಹದಿನೇಳು.

ನವೆಂಬರ್ 6, ಗುರುವಾರ

ಇಪ್ಪತ್ತೊಂಬತ್ತು. ಮೂಗಿನೊಳಗೆ ನೀರು ಹೋಗದಂತೆ ಹಿಡಿಯುವುದು ಬಂತು. ಇವರು ಹೊರಗಿನಿಂದ "ಎಷ್ಟು ಹೊತ್ತು ಮಾರಾಯ್ತಿ, ನಿದ್ದೆ ಮಾಡಿದೆಯಾ?" ಎಂದು ಬಾಗಿಲು ಬಡಿದರು.

ಗಾಜಿಪುರದ ಮಾರುಕಟ್ಟೆಯಿಂದ ಬಂದ ಅಂಜಲ್ ಮೀನು ಚೆನ್ನಾಗಿರಲಿಲ್ಲ. ಕಣ್ಣು ನೋಡಿ ವಾಪಸು ಕಳಿಸಿದೆ.

ನವೆಂಬರ್ 13, ಗುರುವಾರ

ಪ್ರಣೀತಾ ನೋಯ್ಡಾ ಆಫೀಸಿಗೆ ರಜೆ ಹಾಕಿ ನನ್ನನ್ನು ಸರೋಜಿನಿ ನಗರಕ್ಕೆ ಕರೆದುಕೊಂಡು ಹೋದಳು. ನೀರಿಗೆ ಇಳಿಯುವ ಬಟ್ಟೆ ಬೇಕಂತೆ. ಅಂಗಡಿಯವನು ತೋಳಿಲ್ಲದ್ದನ್ನು ತೆಗೆದ, ಕಾಲಿಲ್ಲದ್ದನ್ನು ತೆಗೆದ.

"ಭಯ್ಯಾ, ಪೂರಾ ವಾಲಾ ದಿಖಾವೋ. ಮಮ್ಮಿ ಕೇ ಲಿಯೇ."

"ಆಂಟೀ ಜೀ ತೈರೇಂಗೀ?" ಆಂಟಿ ಈಜುತ್ತಾರಾ ಎಂದು ಅವನಿಗೆ ನಗು.

"ಹಂಸೋ ಮತ್. ಮಮ್ಮಿ ಚಾಂಪಿಯನ್ ಹೈ. ಬಾಢ್ ಮೇಂ ಸೇ ಬಚ್ಚಾ ನಿಕಾಲಾ ಥಾ."

ನೆರೆಯಿಂದ ಮಗುವನ್ನು ಎತ್ತಿದವಳೆಂದು ಕೇಳಿ ಅವನು ನಗುವುದನ್ನು ನಿಲ್ಲಿಸಿ, ಒಳಗಿನಿಂದ ಕಪ್ಪು ಬಣ್ಣದ, ಮೈತುಂಬ ಮುಚ್ಚುವ ಒಂದನ್ನು ತಂದುಕೊಟ್ಟ. ನಮಸ್ಕಾರ ಬೇರೆ ಮಾಡಿದ. ಮಗಳೂ ಆ ಕಥೆಯನ್ನು ಇಷ್ಟು ಸಲೀಸಾಗಿ ಹೇಳುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ.

ಮೆಟ್ರೋದಲ್ಲಿ ಅವಳು ನನ್ನ ಹೆಗಲಿಗೆ ತಲೆ ಇಟ್ಟು, "ಅಮ್ಮಾ, ದೊಡ್ಡಮ್ಮ ಹೋದ ಮೇಲೆ ನೀನು ಸರಿಯಾಗಿ ಊಟ ಮಾಡ್ತಿಲ್ಲ. ನೀರಿಗೆ ಹೋದರೆ ಯು ವಿಲ್ ಫೀಲ್ ಬೆಟರ್, ನೋಡು" ಎಂದಳು. ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಲೆಕ್ಕ ಹಾಕಿ ನೋಡಿದ್ದೇನೆ. ಹೇಳಿದರೆ ಇವರು ನನ್ನನ್ನು ನೋಡುವ ರೀತಿ ಹೋಗುತ್ತದೆ. ಇಪ್ಪತ್ತೊಂಬತ್ತು ವರ್ಷ ಅದೇ ನೋಟದಲ್ಲಿ ಬದುಕಿದ್ದೇನೆ. ಹೇಳದಿದ್ದರೆ ಅಕ್ಕ ಮಾಡಿದ ಕೆಲಸ ನನ್ನ ಹೆಸರಿನಲ್ಲೇ ಉಳಿಯುತ್ತದೆ. ಈಗ ಅವಳೂ ಇಲ್ಲ, ನಾಳೆ ಯಾರೂ ಕೇಳುವುದಿಲ್ಲ. ಅಕ್ಕನೇ ಇರಲಿ ಬಿಡು ಎಂದಿದ್ದಾಳಲ್ಲ.

ಹೇಳುವುದಿಲ್ಲ. ಬಕೆಟ್ಟಿನಲ್ಲಿ ನಲವತ್ತೊಂದು.

ನವೆಂಬರ್ 19, ಬುಧವಾರ

ಐವತ್ತೆಂಟು. ಇನ್ನೇನೂ ಭಯವಿಲ್ಲ.

ನವೆಂಬರ್ 22, ಶನಿವಾರ

ತಲುಪಿದೆವು. ಕೆಮ್ಮು ವಿಮಾನದಲ್ಲೇ ಬಿಟ್ಟಿತು. ಇವರು ವಿಮಾನದ ಕಿಟಕಿಯಿಂದ ನೀರು ಕಂಡು ಕಣ್ಣು ಮುಚ್ಚಿ ಕೂತಿದ್ದರು.

ನವೆಂಬರ್ 24, ಸೋಮವಾರ

ನಿನ್ನೆ ಹಡಗಿನಲ್ಲಿ ಸ್ವರಾಜ್ ದ್ವೀಪಕ್ಕೆ ಬಂದೆವು. ಇವತ್ತು ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಸಣ್ಣ ದೋಣಿಯಲ್ಲಿ ಒಂದು ದಂಡೆಗೆ ಕರೆದೊಯ್ದರು. ಬಿಳಿ ಮರಳು, ಹಿಂದೆ ದೊಡ್ಡ ಮರಗಳು, ನೀರು ಗಾಜಿನ ಹಾಗೆ. ಮರಳಿನಲ್ಲಿ ಬಿದ್ದ ಶಂಖಗಳೆಲ್ಲ ನಡೆಯುತ್ತಿದ್ದವು. ನೋಡಿದರೆ ಪ್ರತಿಯೊಂದರೊಳಗೂ ಒಂದೊಂದು ಏಡಿ. ಪ್ರಣೀತಾ ಮಕ್ಕಳ ಹಾಗೆ ಕಿರುಚಿದಳು. ಇವರು, "ಬಾಡಿಗೆ ಮನೆಯವು ಇವು, ನಮ್ಮ ಹಾಗೆ" ಎಂದರು.

ಗೈಡ್ ನಲವತ್ತು ದಾಟಿದವನು, ಹಿಂದಿ ಮಾತಾಡುವವನು. ನೀರಿಗೆ ಇಳಿಯುವ ಮೊದಲು ಪ್ರತಿಯೊಬ್ಬರಿಗೂ ಒಂದೊಂದು ಫಾರ್ಮು ಕೊಟ್ಟ. ಹೆಸರು, ವಯಸ್ಸು, ಹೃದಯದ ಕಾಯಿಲೆ ಇದೆಯೇ, ಈಜು ಬರುತ್ತದೆಯೇ. ಫಾರ್ಮು ತುಂಬುವುದೆಂದರೆ ಇವರಿಗೆ ಬಹಳ ಇಷ್ಟ. ಮೂರನ್ನೂ ತಾವೇ ತುಂಬಿದರು. ನನ್ನದರಲ್ಲಿ ಈಜಿನ ಮುಂದೆ ಹೌದು ಎಂಬಲ್ಲಿ ಎರಡು ಸಲ ಗೀಟು ಎಳೆದು, ಗೈಡಿಗೆ "ಇನ್ ಕೋ ಟ್ಯೂಬ್ ನಹೀ ಚಾಹಿಯೇ" ಎಂದರು, ನನಗೆ ತೇಲುವ ಟ್ಯೂಬು ಬೇಡವೆಂದು. ಫಾರ್ಮಿನ ಕೆಳಗೆ, ಮೇಲೆ ಬರೆದದ್ದೆಲ್ಲ ನಿಜ ಎಂದು ಹಿಂದಿಯಲ್ಲಿ ಅಚ್ಚಾಗಿತ್ತು. ಅದರ ಕೆಳಗೆ ನಾನು ಸಹಿ ಮಾಡಬೇಕು.

ಪೆನ್ನು ಹಿಡಿದೆ. ನನಗೆ ಗೊತ್ತು, ಇದುವರೆಗೆ ನಾನು ಈ ವಿಷಯದಲ್ಲಿ ಒಂದು ಮಾತೂ ಆಡಿಲ್ಲ, ತಲೆ ತಗ್ಗಿಸಿದ್ದಷ್ಟೇ. ಈಗ ಮೊದಲ ಸಲ ನನ್ನ ಕೈಯಲ್ಲೇ ಬರೆದುಕೊಡಬೇಕು. ಆ ಕೆಲಸ ಮಾಡಿದವಳು ಸತ್ತು ನೂರೈದು ದಿನ ಆಗಿದೆ.

ಹೌದು ಎಂಬುದನ್ನು ಹೊಡೆದುಹಾಕಿ ಇಲ್ಲ ಎಂಬಲ್ಲಿ ಗೀಟು ಎಳೆದು ಸಹಿ ಮಾಡಿದೆ.

"ಏ, ತಪ್ಪು ಕಡೆ ಎಳೆದೆ ಮಾರಾಯ್ತಿ" ಎಂದರು ಇವರು.

"ತಪ್ಪಲ್ಲ. ನನಗೆ ಈಜು ಬರುವುದಿಲ್ಲ."

"ತಮಾಷೆಗೆ ಇದು ಹೊತ್ತಲ್ಲ. ಅವ ಕಾಯುತ್ತಿದ್ದಾನೆ."

"ಮಗುವನ್ನು ಎತ್ತಿದ್ದು ನಾನಲ್ಲ. ಅಕ್ಕ. ಧಾರಿಣಿ ಅಕ್ಕ."

ಇವರು ನಕ್ಕರು. ಮಗಳನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ನಗು ಮುಖದ ಮೇಲೇ ಸ್ವಲ್ಪ ಹೊತ್ತು ಉಳಿದು, ಆಮೇಲೆ ಹೋಯಿತು.

"ಅಮ್ಮಾ, ವಾಟ್?" ಎಂದಳು ಪ್ರಣೀತಾ. "ನಾನು ಶಾಲೆಯಲ್ಲಿ ಎಸ್ಸೇ ಬರೆದಿದ್ದೆ. ಪ್ರೈಜ್ ಮಿಲಾ ಥಾ ಮುಝೇ!"

ನೀರು ಇಳಿಯುತ್ತಿದೆ, ಬರುವವರು ಬನ್ನಿ ಎಂದ ಗೈಡ್. ಇವರು ತಮ್ಮ ಫಾರ್ಮನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಮರದ ಬುಡಕ್ಕೆ ಹೋಗಿ ಕೂತರು. ಹಿಂತಿರುಗಿ ನೋಡಲಿಲ್ಲ.

ನಾನೂ ಹೋಗಿ ಪಕ್ಕದಲ್ಲಿ ಕೂರಬಹುದಿತ್ತು. ಆದರೆ ಇಷ್ಟು ದೂರ ಬಂದಾಗಿದೆ. ಇಳಿದೆ.

ಟ್ಯೂಬು ಎಲ್ಲರಿಗೂ ಕೊಡುತ್ತಾರಂತೆ, ಈಜು ಬರುವವರಿಗೂ. ಗೈಡ್ ಮುಖಕ್ಕೆ ಗಾಜು ಕಟ್ಟಿ ಬಾಯಿಗೆ ಕೊಳವೆ ಸಿಕ್ಕಿಸಿದ. ಉಸಿರು ಕಟ್ಟಬಾರದು, ಬಾಯಲ್ಲಿ ಎಳೆದು ಬಿಡುತ್ತಲೇ ಇರಬೇಕು ಎಂದ. ಬಕೆಟ್ಟಿನಲ್ಲಿ ಕಲಿತದ್ದೆಲ್ಲ ವ್ಯರ್ಥ. ಮೊದಲ ಸಲ ಉಸಿರು ಹಿಡಿದು ಎದ್ದುಬಿಟ್ಟೆ. ಎರಡನೆಯ ಸಲವೂ. ಮೂರನೆಯ ಸಲ ಕೊಳವೆಯೊಳಗೆ ನನ್ನದೇ ಉಸಿರಿನ ಸದ್ದು ಕೇಳಿತು, ಕುಕ್ಕರಿನ ಸೀಟಿಯ ಮೊದಲು ಬರುವಂಥದ್ದು. ಅದನ್ನೇ ಕೇಳುತ್ತ ಕಣ್ಣು ಬಿಟ್ಟೆ.

ಇಷ್ಟು ವರ್ಷ ಮೀನಿನ ಜೊತೆ ಇದ್ದವಳು ನಾನು. ಕಣ್ಣು ನೋಡಿ, ಕಿವಿರು ಎತ್ತಿ, ಎಷ್ಟು ದಿನದ್ದು ಎಂದು ಹೇಳಬಲ್ಲೆ. ಆದರೆ ಮೀನಿನ ಕಣ್ಣು ತಿರುಗುತ್ತದೆ ಎಂದು ಗೊತ್ತಿರಲಿಲ್ಲ. ಹಸಿರು, ನೀಲಿ, ಗುಲಾಬಿ ಎಲ್ಲ ಒಂದೇ ಮೈಯಲ್ಲಿದ್ದ ಒಂದು ದಪ್ಪ ಮೀನು ಹವಳವನ್ನು ಕಚ್ಚಿ ಕಡಿಯುತ್ತಿತ್ತು. ಆ ಸದ್ದು ನೀರಿನೊಳಗೆ ಕೇಳುತ್ತಿತ್ತು, ಚಕ್ಕುಲಿ ತಿಂದ ಹಾಗೆ. ಕಡಿಯುತ್ತಲೇ ಕಣ್ಣು ತಿರುಗಿಸಿ ನನ್ನನ್ನು ನೋಡಿತು. ನನ್ನಲ್ಲಿ ವಿಶೇಷವೇನೂ ಕಾಣದೆ ಮತ್ತೆ ತಿನ್ನತೊಡಗಿತು. ಬಂಡೆಯ ಬಿರುಕಿನಲ್ಲಿ ಒಂದು ಮುರು ಮೀನು ಬಾಯಿ ಆಡಿಸುತ್ತಿತ್ತು. ಅದನ್ನು ಗೈಡಿಗಿಂತ ಮೊದಲು ಗುರುತಿಸಿದ್ದು ನಾನು. ಎರಡು ಕಿಲೋ ಇರಬಹುದು. ಕೆಳಗೆ ನೀಲಿ ತುಟಿಯ ದೊಡ್ಡ ಚಿಪ್ಪೊಂದು, ನಮ್ಮ ನೆರಳು ಬಿದ್ದ ಕೂಡಲೇ ಮುಚ್ಚಿಕೊಂಡಿತು. ಆಮೇಲೆ ಗೈಡ್ ನನ್ನ ಮಣಿಕಟ್ಟು ಹಿಡಿದು ಆಚೆ ತೋರಿಸಿದ. ನೀರಡಿಯ ಹುಲ್ಲಿನ ಮೇಲೆ ಒಂದು ಆಮೆ. ದನದ ಹಾಗೆ, ಅವಸರವಿಲ್ಲದೆ ಮೇಯುತ್ತಿತ್ತು. ಮೇದು ಮುಗಿಸಿ ನಮ್ಮ ಪಕ್ಕದಿಂದಲೇ ಮೇಲೆ ಬಂದು, ಒಂದು ಉಸಿರು ತೆಗೆದುಕೊಂಡು, ಮತ್ತೆ ಇಳಿಯಿತು.

ಎಲ್ಲ ಕಾಣುತ್ತಿತ್ತು. ಮರಳಿನ ಒಂದೊಂದು ಗೆರೆಯೂ. ಆಗಲೇ ನನಗೆ ಅದು ಹೊಳೆದದ್ದು. ಅಕ್ಕ ಹಾರಿದ ನೀರು ಕೆಂಪು ನೀರು. ಮಣ್ಣು, ಕಸ, ಬೇರು ಸಮೇತ ಬಂದ ಮರ. ಕಣ್ಣು ಬಿಟ್ಟರೂ ಏನೂ ಕಾಣುವುದಿಲ್ಲ. ಟ್ಯೂಬಿಲ್ಲ, ಕೈ ಹಿಡಿಯುವವರಿಲ್ಲ. ಅವಳು ಮಗುವನ್ನು ನೋಡಿ ಹಿಡಿದದ್ದಲ್ಲ, ತಡಕಿ ಹಿಡಿದದ್ದು. ಇಪ್ಪತ್ತೊಂದು ವರ್ಷದ ಹುಡುಗಿ. ಇಷ್ಟು ವರ್ಷ ಆ ಕಥೆ ನನ್ನದೆಂದು ಕೇಳಿಸಿಕೊಂಡಿದ್ದೇನೆ, ಒಂದು ದಿನವೂ ಅವಳ ಜೊತೆ ಆ ನೀರಿನೊಳಗೆ ಹೋಗಿ ನೋಡಿರಲಿಲ್ಲ.

ಗಾಜಿನೊಳಗೆ ನೀರು ತುಂಬಿತು. ಗೈಡ್ ಎತ್ತಿ ನೋಡಿ, ಲೀಕೇಜ್ ಇದೆ ಮೇಡಂ, ಬದಲಿಸುತ್ತೇನೆ ಎಂದ. ಲೀಕೇಜ್ ಇರಲಿಲ್ಲ.

ದಂಡೆಗೆ ಬಂದಾಗ ಇವರು ಟವೆಲ್ಲು ಕೊಟ್ಟರು, ಮಾತಾಡಲಿಲ್ಲ. ಊಟದಲ್ಲೂ ಇಲ್ಲ. ಪ್ರಣೀತಾ ಒಬ್ಬಳೇ ಆಮೆಯ ವಿಷಯ ಮಾತಾಡಿ ಮಾತಾಡಿ ಸುಸ್ತಾದಳು.

ಮಧ್ಯಾಹ್ನದ ಮೇಲೆ ಉಪ್ಪುನೀರಿನಲ್ಲಿ ಬೇರು ಬಿಟ್ಟ ಕಾಂಡ್ಲಾ ಗಿಡಗಳ ನಡುವಿನ ಹಿನ್ನೀರಿನಲ್ಲಿ ಹಕ್ಕಿ ನೋಡಲು ಹೋಗುವುದಿತ್ತು. ಪ್ರಣೀತಾ ಅಂಬಿಗನ ಹತ್ತಿರ ಮುಂದೆ ಕೂತಳು. ಹಿಂದಿನ ಹಲಗೆಯಲ್ಲಿ ನಾವಿಬ್ಬರು. ಇವರು ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದಿದ್ದರು. ಮಾತಾಡಿದರೆ ಹಕ್ಕಿ ಹಾರಿಹೋಗುತ್ತದೆ, ಒಂದು ಗಂಟೆ ಎಲ್ಲರೂ ಮೌನ ಎಂದ ಅಂಬಿಗ. ಇವರು ಬೆಳಿಗ್ಗೆಯಿಂದ ಮೌನವಾಗಿಯೇ ಇದ್ದವರು. ಮಾತಾಡಬಾರದು ಎಂದ ಕೂಡಲೇ ತಡೆಯಲಾಗಲಿಲ್ಲ.

"ಎಷ್ಟು ವರ್ಷ ಆಗ ಅಕ್ಕನಿಗೆ?" ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು.

"ಇಪ್ಪತ್ತೊಂದು."

"ಮಗು ಯಾರದ್ದು?"

"ಅಂಬಿಗರ ಮನೆಯದ್ದು. ಅಪೂರ್ವ ಅಂತ. ಈಗ ಕುವೈತಿನಲ್ಲಿದ್ದಾನೆ."

"ಚುಪ್, ಸಾಹಬ್!" ಅಂಬಿಗ ಕೈ ತೋರಿಸಿದ. ನೀಲಿ ಮಿಂಚುಳ್ಳಿ, ಕೊಂಬೆಯ ತುದಿಯಲ್ಲಿ. ಎಲ್ಲರೂ ನೋಡಿದೆವು.

"ನೀನು ಎಲ್ಲಿದ್ದೆ?"

"ದಡದಲ್ಲಿ."

"ಎಂತ ಮಾಡಿದೆ?"

"ಏನೂ ಮಾಡಲಿಲ್ಲ. ನಿಂತಿದ್ದೆ. ಬೊಬ್ಬೆ ಹಾಕಲೂ ಆಗಲಿಲ್ಲ."

ನೀರು ಉಡವೊಂದು ಬೇರುಗಳ ನಡುವಿನಿಂದ ಈಜಿಕೊಂಡು ದಾಟಿತು. ಇವರು ಅದನ್ನು ಬಹಳ ಹೊತ್ತು ನೋಡಿದರು. ನೋಡಿದ್ದು ಅದನ್ನೇ ಹೌದೋ ಅಲ್ಲವೋ ತಿಳಿಯದು.

"ಹಾಗಾದರೆ ನಾನು ಮದುವೆಯಾದದ್ದು ಯಾರನ್ನು?"

"ದಡದಲ್ಲಿ ನಿಂತವಳನ್ನು."

"ಪಪ್ಪಾ, ಶ್!" ಎಂದಳು ಪ್ರಣೀತಾ. ಬಿಳಿ ಎದೆಯ ಕಡಲ ಹದ್ದು ನಮ್ಮ ಮುಂದೆಯೇ ನೀರಿಗೆ ಎರಗಿ ಬರಿಗಾಲಲ್ಲಿ ಎದ್ದು ಹೋಯಿತು. ತಿರುಗಿ ಬಂದು ಮತ್ತೆ ಎರಗಿತು. ಆಗಲೂ ಮೀನು ಸಿಗಲಿಲ್ಲ. ಇವರು ನಿಟ್ಟುಸಿರು ಬಿಟ್ಟರು. ದೋಣಿ ಅಲುಗಾಡಿದಾಗ ನನ್ನ ತೋಳು ಹಿಡಿದುಕೊಂಡರು, ಕಟ್ಟೆ ಬರುವವರೆಗೆ ಬಿಡಲಿಲ್ಲ. ಹೆದರಿಕೆಗೆ ಹಿಡಿದದ್ದು. ಇವರಿಗೆ ನೀರಿನ ಹೆದರಿಕೆ ಉಂಟಲ್ಲ.

ನವೆಂಬರ್ 27, ಗುರುವಾರ

ವಿಮಾನದಲ್ಲಿ. ಇವರು ಬೆಲ್ಟು ಬಿಗಿಯುತ್ತ ಇದ್ದಕ್ಕಿದ್ದಂತೆ, "ಅಕ್ಕ ನಮ್ಮ ಹೋಟೆಲಿಗೆ ಬಂದಿದ್ದರಲ್ಲ, ಆಗ ನಾನು ಅವರ ಎದುರಿಗೇ ಹೇಳಿದೆನಾ?" ಎಂದು ಕೇಳಿದರು.

"ಹೇಳಿದಿರಿ."

"ಛೇ" ಎಂದರು. ಮುಖವನ್ನು ಎರಡು ಕೈಯಿಂದ ಮುಚ್ಚಿಕೊಂಡರು. "ನನ್ನನ್ನು ಎಂತ ಅಂದುಕೊಂಡರೋ."

"ನಕ್ಕಳು."

"ನಕ್ಕರಾ?"

"ಹೊಟ್ಟೆ ಹಿಡಿದುಕೊಂಡು."

ಇವರಿಗೆ ಸ್ವಲ್ಪ ಸಮಾಧಾನ ಆಯಿತು. ಊಟಕ್ಕೆ ಕೊಟ್ಟ ಅನ್ನ ನಾನು ಪೂರ್ತಿ ತಿಂದೆ, ಚೆನ್ನಾಗಿರಲಿಲ್ಲ.

ಡಿಸೆಂಬರ್ 4, ಗುರುವಾರ

ಹೊಗೆ ಹಾಗೇ ಇದೆ. ಇಂದುಶೇಖರ ಸಾರ್ ಬಂದರು. ದೋಸೆ ಹೊಯ್ಯುತ್ತಿದ್ದೆ. ಇವರು ಗಲ್ಲಾ ಬಿಟ್ಟು ಎದ್ದದ್ದು ಕಿಟಕಿಯಿಂದ ಕಂಡಿತು. ಕೈ ತಾನಾಗಿ ನಿಂತಿತು. ಇವರು ಏನು ಹೇಳುತ್ತಾರೋ ನನಗೆ ಗೊತ್ತಿರಲಿಲ್ಲ.

"ಏನು ಚನಿಯ, ಲೋಲಾಕ್ಷಮ್ಮ ಸಮುದ್ರ ಈಜಿ ಬಂದರಾ?"

"ಸಾರ್, ನಿಮ್ಮ ಸರ್ಕಾರದಲ್ಲಿ ಆರ್ಡರು ತಪ್ಪಾದರೆ ಎಂತ ಮಾಡುತ್ತೀರಿ?"

"ತಿದ್ದುಪಡಿ ಹೊರಡಿಸುತ್ತೇವೆ."

"ಹಾಗೆ ಒಂದು ತಿದ್ದುಪಡಿ ಉಂಟು. ನೀರಿಗೆ ಹಾರಿದ್ದು ಇವಳಲ್ಲ. ಇವಳ ಅಕ್ಕ. ನಾನು ಇಪ್ಪತ್ತೊಂಬತ್ತು ವರ್ಷ ತಪ್ಪು ಹೆಸರು ಹೇಳಿದೆ."

ಸಾರ್ ದೋಸೆ ಬಿಟ್ಟು ತಲೆ ಎತ್ತಿದರು. "ಆಹಾ! ಹಾಗಾದರೆ ಸರಿಯಾದದ್ದು ಹೇಳಿ, ಕೇಳೋಣ. ಮೊದಲಿನಿಂದ."

ಇವರು ಬಾಯಿ ತೆರೆದರು. ಮುಚ್ಚಿದರು. ಆ ಕಥೆಗೆ ಇವರು ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ನಾನು ಅಲ್ಲಿರಲಿಲ್ಲವಲ್ಲ ಸಾರ್" ಎಂದು ಅಡುಗೆಮನೆಯ ಕಡೆ ತಿರುಗಿದರು. "ಲೋಲಾ, ಬಾ ಇಲ್ಲಿ. ನಮ್ಮಲ್ಲಿ ಕಣ್ಣಾರೆ ನೋಡಿದವಳು ನೀನೊಬ್ಬಳೇ."

ಕಾವಲಿಯ ಉರಿ ಆರಿಸಿ ಹೊರಗೆ ಬಂದೆ. ಗಿರಾಕಿಗಳ ಎದುರು ನಿಂತು ನಾನು ಯಾವತ್ತೂ ಮಾತಾಡಿದವಳಲ್ಲ. ಮೂರು ಮೇಜು ತುಂಬಿತ್ತು. ಕಡವು, ಮೆಟ್ಟಿಲು, ಕೆಂಪು ನೀರು, ಎಲ್ಲ ಹೇಳಿದೆ. ಅಕ್ಕ ಎರಡು ಸಲ ಮುಳುಗಿ ಬರಿಗೈಯಲ್ಲಿ ಎದ್ದದ್ದನ್ನು ಹೇಳಿದೆ. ಇವರ ಕಥೆಯಲ್ಲಿ ಅದು ಎಂದೂ ಇರಲಿಲ್ಲ, ಇವರ ಕಥೆಯಲ್ಲಿ ಒಂದೇ ಸಲಕ್ಕೆ ಮಗು ಸಿಗುತ್ತಿತ್ತು. ಮೂರನೆಯ ಸಲ ಮುಳುಗಿದವಳು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಬಹಳ ಕೆಳಗೆ, ಬಾಗಿದ ಮರವೊಂದನ್ನು ಹಿಡಿದಿದ್ದಳು. ಇನ್ನೊಂದು ಕೈಯಲ್ಲಿ ಮಗುವಿನ ಕೂದಲು.

"ಆಮೇಲೆ?" ಎಂದರು ಇವರು. ಇವರೇ ಕೇಳಿದರು, ಸಾರ್ ಅಲ್ಲ.

ಜನ ಹೋಗಿ ಎಳೆದುಕೊಂಡರು ಎಂದೆ. ಮಗುವನ್ನು ಎತ್ತಿಕೊಂಡು ಎಲ್ಲರೂ ಓಡಿದರು. ಅಕ್ಕನ ಹತ್ತಿರ ಉಳಿದದ್ದು ನಾನೊಬ್ಬಳೇ. ಅವಳು ಕೆಸರಿನಲ್ಲಿ ಮಂಡಿಯೂರಿ ನೀರು ಕಾರಿದಳು. ಆಮೇಲೆ ನನ್ನ ಲಂಗವನ್ನು ಮುಟ್ಟಿ ನೋಡಿದಳು, ಒದ್ದೆಯಾಗಿದೆಯೋ ಎಂದು. "ನೀನು ಇಳಿಯಲಿಲ್ಲವಲ್ಲ?" ಎಂದು ಕೇಳಿದಳು.

ಇಲ್ಲ ಎಂದೆ.

"ಒಳ್ಳೆಯದಾಯಿತು" ಎಂದಳು ಅಕ್ಕ. "ನೀನು ಇಳಿದಿದ್ದರೆ ನಾನು ಮಗುವನ್ನು ಬಿಡಬೇಕಾಗುತ್ತಿತ್ತು."